ಬಣ್ಣದ ಕೆಳಗಿನ ಬಿರುಕು

ಹೋದ ವಾರ ಗುಡೇಕೋಟೆಯಲ್ಲಿ ಒಬ್ಬರ ಹಿತ್ತಿಲಲ್ಲಿ ನಿಂತು ಕೈ ತೊಳೆಯುತ್ತಿದ್ದೆ. ಗ್ರೀಸ್ ಮೆತ್ತಿದ ಕೈಗೆ ಮೊದಲು ಡೀಸೆಲ್ ಸವರಿ, ಆಮೇಲೆ ಬಟ್ಟೆ ಸೋಪು ಹಚ್ಚಿ ಉಜ್ಜಿದರೆ ಒಂದು ವಾಸನೆ ಏಳುತ್ತದೆ. ಅದು ಮೂಗಿಗೆ ಬಡಿದದ್ದೇ ತಡ, ಕೊಟ್ಟೂರಿನ ಮೇಸ್ತ್ರಿ ಕಾಕಾ ಕಣ್ಣ ಮುಂದೆ ಬಂದು ನಿಂತರು...

ಅವರು ನನಗೆ ಸಂಬಂಧಿಕರಲ್ಲ. ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದರು. ಊರವರೆಲ್ಲ ಮೇಸ್ತ್ರಿ ಅನ್ನುತ್ತಿದ್ದರು, ನಾನು ಕಾಕಾ ಅನ್ನುತ್ತಿದ್ದೆ. ಮಾತು ಕಡಿಮೆ. ಎಡಗಿವಿ ಕೇಳುತ್ತಿರಲಿಲ್ಲ. ಎಂಜಿನ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಒಳಗೆ ಏನು ಕೆಟ್ಟಿದೆಯೆಂದು ಹೇಳುತ್ತಿದ್ದರು.

ನಮ್ಮದು ಹರಪನಹಳ್ಳಿ ದಾರಿಯ ಹಳ್ಳಿ. ಗಂಡ ಶಾಲೆಯ ಮಾಸ್ತರು. ಹೊಲ ನೋಡಿಕೊಳ್ಳುವವಳು ನಾನು. ಬಾಡಿಗೆ ಟ್ರ್ಯಾಕ್ಟರಿನವರು ದೊಡ್ಡ ಹೊಲಗಳನ್ನೆಲ್ಲ ಮುಗಿಸಿ ನನ್ನಲ್ಲಿಗೆ ಬರುವಷ್ಟರಲ್ಲಿ ಮಣ್ಣಿನ ಹದ ಆರಿರುತ್ತಿತ್ತು. ಎರಡು ವರ್ಷ ಸಾಲಾಗಿ ಮೆಕ್ಕೆಜೋಳ ಅರ್ಧಕ್ಕರ್ಧ ಹುಟ್ಟಲೇ ಇಲ್ಲ. ಕುರಿ ಸಾಕಿ ಮಾರಿ ಕೂಡಿಟ್ಟದ್ದು ಸ್ವಲ್ಪ ಇತ್ತು. ಸ್ವಂತಕ್ಕೊಂದು ಹೊಸ ಟ್ರ್ಯಾಕ್ಟರ್ ಕೊಳ್ಳುವುದು ಕೈಗೆ ಎಟುಕುವಂತಿರಲಿಲ್ಲ. ಉಚ್ಚಂಗಿದುರ್ಗದ ಹತ್ತಿರದ ಹಳ್ಳಿಯಲ್ಲಿ ಹಳೆಯದೊಂದು ಮಾರಾಟಕ್ಕಿದೆ, ಸಣ್ಣಪುಟ್ಟ ರಿಪೇರಿ ಅಷ್ಟೇ ಎಂದು ಕೇಳಿ, ಕಾಕಾನನ್ನು ಕರೆದುಕೊಂಡು ಹೊರಟೆ.

ಮಾರುವವರ ಹೆಸರು ಹೇಳಿದಾಗ ನಡೆಯುತ್ತಿದ್ದ ಕಾಕಾ ನಿಂತರು. "ಅವ್ರು ನಮ್ ಬೀಗ್ರು," ಎಂದರು. ಕಾಕಾನ ಒಬ್ಬಳೇ ಮಗಳನ್ನು ಕೊಟ್ಟಿದ್ದು ಆ ಮನೆಗೇ.

ಟ್ರ್ಯಾಕ್ಟರಿಗೆ ಹೊಸ ಕೆಂಪು ಬಣ್ಣ ಬಳಿದಿದ್ದರು. ಬೀಗರು ಸಡಗರದಿಂದ ಕೂರಿಸಿದರು. ಅಡುಗೆಮನೆಯಿಂದ ಮಗಳು ಚಹಾ ತಂದು ಕೊಟ್ಟು, ಅಪ್ಪನ ಮುಖ ನೋಡಿ ನಕ್ಕು ಒಳಗೆ ಹೋದಳು. ಕಾಕಾ ಚಹಾ ಕುಡಿದರು. ಗಾಡಿ ಸ್ಟಾರ್ಟ್ ಮಾಡಿಸಿ ಅಂಗೈ ಇಟ್ಟರು. ಆಮೇಲೆ ಕೆಳಗೆ ಬಗ್ಗಿ, ಗೇರ್‌ಬಾಕ್ಸಿನ ಹೊರಕವಚದ ಒಂದು ಮೂಲೆಯಲ್ಲಿ ಸ್ಕ್ರೂಡ್ರೈವರಿನಿಂದ ಬಣ್ಣ ಕೆರೆದರು.

"ಯವ್ವಾ, ಇಲ್ಲಿ ಬಾ. ಬೆರಳಿಟ್ಟು ನೋಡು."

ಗೇಣುದ್ದದ ಒಂದು ಉಬ್ಬುಗೆರೆ ಬೆರಳಿಗೆ ಸಿಕ್ಕಿತು.

"ಇದು ಸೀಳಿತ್ತು. ವೆಲ್ಡಿಂಗ್ ಮಾಡಿದವ ನಾನಾ. ಭಾಳ ದಿನ ತಾಳಂಗಿಲ್ಲ ಅಂತ ಅವತ್ತಾ ಹೇಳಿದ್ದೆ."

ಬೀಗರ ಮುಖ ಕಪ್ಪಿಟ್ಟಿತು. "ಬೀಗ್ರ, ನಿಮ್ಮ ಮಗಳು ಈ ಮನ್ಯಾಗ ಬಾಳೇವು ಮಾಡಾಕತ್ತಾಳ. ನೆನಪೈತೇನ್ರಿ?"

ಕಾಕಾ ಎದ್ದು ಕೈ ಒರೆಸಿಕೊಂಡರು. "ನೆನಪೈತ್ರಿ. ಅದಕ್ಕಾ ದಾರ್‍ಯಾಗ ಈಕಿಗೆ ಗುಟ್ಟಾಗಿ ಹೇಳಲಿಲ್ಲ. ನಿಮ್ಮೆದುರಿಗೇ ಹೇಳೀನಿ."

ವಾಪಸ್ ಬರುವಾಗ ನನಗೆ ಅಳು ಬರುವಂತಾಗಿತ್ತು. ಟ್ರ್ಯಾಕ್ಟರ್ ಹೋಯಿತೆಂದಲ್ಲ. ನನ್ನ ದೆಸೆಯಿಂದ ಅವರ ಸಂಬಂಧ ಕೆಟ್ಟಿತಲ್ಲ ಎಂದು.

"ಹಂಗಾದ್ರ ಅದನ್ನ ಬಿಡಾದಾ ಏನ್ ಕಾಕಾ?" ಎಂದೆ.

"ಬಿಡು ಅಂತ ಯಾರಂದ್ರು? ಎಂಜಿನ್ ಗಟ್ಟಿ ಐತಿ. ಆ ಕವಚ ಬ್ಯಾರೆ ಹಾಕಬೇಕು, ಕ್ಲಚ್ಚು ಹೋಗೈತಿ, ನೇಗಿಲು ಎತ್ತೋ ಲಿಫ್ಟು ನಿಲ್ಲವಲ್ದು. ಹದಿನೈದು ದಿನದ ಕೆಲಸ. ಸೀಳೈತಿ ಅಂತ ಗೊತ್ತಿದ್ದು ತಗೊಂಡ್ರ ತಪ್ಪಿಲ್ಲ. ಆದ್ರ ಆ ಹದಿನೈದು ದಿನ ನೀನೂ ಬರಬೇಕು. ಹೊಲದಾಗ ಕೆಟ್ಟು ನಿಂತ್ರ ನನ್ನ ದಾರಿ ಕಾಕೋಂತ ಕುಂದರಬ್ಯಾಡ."

ಮೂರು ದಿನ ಯೋಚಿಸಿದೆ. ಗಂಡನಿಗೆ ಮನಸ್ಸಿರಲಿಲ್ಲ. ಗೊತ್ತಿರುವ ಬಿರುಕಲ್ಲದೆ ಕಾಣದ ಕೇಡುಗಳು ಇನ್ನೆಷ್ಟಿವೆಯೋ ಎಂದು ಅವರ ಅಂಜಿಕೆ. ಬೀಗರೇ ಫೋನ್ ಮಾಡಿ ಬೆಲೆ ಇಳಿಸಿದರು. ಕಾಕಾನ ಮಾತು ಮಾತ್ರ ಎತ್ತಲಿಲ್ಲ. ನಾನು ತೆಗೆದುಕೊಂಡೆ.

ದಿನಾ ಬೆಳಿಗ್ಗೆ ಬಸ್ಸು ಹಿಡಿದು ಕೊಟ್ಟೂರಿಗೆ ಹೋಗುತ್ತಿದ್ದೆ. ಶೆಡ್ಡಿಗೆ ಬಂದವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತ ನನ್ನನ್ನು ನೋಡಿ ನಗುತ್ತಿದ್ದರು. ಕಾಕಾ ನಗುತ್ತಿರಲಿಲ್ಲ. ಡೀಸೆಲ್ ಪೈಪಿನಲ್ಲಿ ಗಾಳಿ ಸಿಕ್ಕಿದರೆ ಹೇಗೆ ತೆಗೆಯಬೇಕು ಎಂಬುದನ್ನು ಕಲಿಸಲು ಏಳು ಸಲ ಬಿಚ್ಚಿಸಿ ಏಳು ಸಲ ಕಟ್ಟಿಸಿದರು. ಆ ವರ್ಷ ಮೊದಲ ಮಳೆಯ ಹದಕ್ಕೇ ಬಿತ್ತಿದೆ. ಸಾಲು ಸಾಲಾಗಿ ಹುಟ್ಟಿದ ಪೈರು ನೋಡಲು ಮೇಸ್ತ್ರಿ ಕಾಕಾ ಒಂದು ದಿನ ತಾವಾಗಿಯೇ ಬಂದರು. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

ಆದರೆ ನಾಗರ ಪಂಚಮಿ ಹಬ್ಬಕ್ಕೆ ಬೀಗರು ಮಗಳನ್ನು ತವರಿಗೆ ಕಳಿಸಲಿಲ್ಲ. ಅದು ತಿಳಿಯದೆ ನಾನು ಆಯಿಲ್ ಬದಲಿಸಲು ಹೋಗಿದ್ದೆ. ಕಾಕಿಯವರು ಡಬ್ಬಿ ತುಂಬ ಶೇಂಗಾ ಉಂಡಿ ಕೊಟ್ಟರು. "ಮಗಳಿಗಂತ ಮಾಡಿದ್ದು. ನೀನರಾ ತಿನ್ನು," ಎಂದು ಒಳಗೆ ಹೋದರು. ಕಾಕಾ ತಲೆ ಎತ್ತದೆ ಯಾವುದೋ ನಟ್ಟು ಬಿಗಿಯುತ್ತಲೇ ಇದ್ದರು. ಅದು ಆಗಲೇ ಬಿಗಿಯಾಗಿತ್ತು. ನಾನು ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟೆ.

ದೀಪಾವಳಿಯ ಮುಂಚೆ ಒಂದು ಮಧ್ಯಾಹ್ನ ನಾನು ಶೆಡ್ಡಿನಲ್ಲಿದ್ದಾಗಲೇ ಬೀಗರು ಬಂದಿಳಿದರು. ಹಿಂದೆ ಕೈಚೀಲ ಹಿಡಿದ ಮಗಳು. ಕಾಕಾ ಗಡಬಡಿಸಿ ಎದ್ದರು.

ಬೀಗರು ನಿಂತೇ ಇದ್ದರು. "ಹಡಗಲಿಯಾಗ ಒಂದು ಹಳೇ ಟ್ರ್ಯಾಕ್ಟರ್ ಐತಂತ್ರಿ. ತಗೋಬೇಕಂತ ಮಾಡೀನಿ," ಎಂದು ಕೆಮ್ಮಿದರು. "ನೀವು ಬಂದು ನೋಡಿದ್ರ ನನಗ ನಂಬಿಕಿ."

ಕಾಕಾ ಒಮ್ಮೆ ಅವರನ್ನು, ಒಮ್ಮೆ ಮಗಳನ್ನು ನೋಡಿದರು. "ಮೊದ್ಲು ಒಳಗ ನಡೀರಿ. ಊಟ ಮಾಡಿ ಹೋಗಾಣು," ಎಂದರು. ನನಗೆ ಬೆನ್ನು ತಿರುಗಿಸಿ ಬಹಳ ಹೊತ್ತು ಕೈ ತೊಳೆದರು.

ಕಾಕಾ ತೀರಿಕೊಂಡು ಈಗ ಕೆಲವು ವರ್ಷಗಳಾದವು. ಗುಡೇಕೋಟೆಯ ಒಬ್ಬ ಹೆಣ್ಣುಮಗಳು, ಮಾರಾಟಕ್ಕಿರುವ ಟ್ರ್ಯಾಕ್ಟರ್ ಒಂದನ್ನು ನೋಡಿ ಹೇಳ್ರಿ ಎಂದು ನನ್ನನ್ನೇ ಕರೆಸಿದ್ದಳು. ನನಗೇನು ಮಹಾ ಗೊತ್ತು! ಆದರೂ ಹೋದೆ. ಕಂಡದ್ದನ್ನು ಮಾರುವವನ ಎದುರಿಗೇ ಹೇಳಿದೆ. ಹೇಳುವಾಗ ಎದೆ ಡವಗುಟ್ಟುತ್ತಿತ್ತು. ಕಾಕಾಗೂ ಅವತ್ತು ಹೀಗೇ ಆಗಿತ್ತೇನೋ, ನಾನು ಕೇಳಲೇ ಇಲ್ಲ...

ಬರುವಾಗ ಕೊಟ್ಟೂರಿನಲ್ಲಿ ಬಸ್ಸು ನಿಂತಿತು. ನಡೆದದ್ದನ್ನೆಲ್ಲ ಕಾಕಾಗೆ ಹೇಳಬೇಕೆಂಬ ಅವಸರದಲ್ಲಿ ಚೀಲ ಎತ್ತಿಕೊಂಡು ಎದ್ದುಬಿಟ್ಟಿದ್ದೆ.

"ಇಳಿಯೋರೇನ್ರಿ ಅಕ್ಕಾರ?" ಎಂದ ಕಂಡಕ್ಟರ್.

"ಇಲ್ರಿ," ಎಂದು ಕೂತುಕೊಂಡೆ.