ತಟ್ಟೆಯಲ್ಲಿ ಎರಡನೆಯ ಲೋಟ

ನೀವು ಎಂದಾದರೂ ಪೆರ್ಲದ ಕಡೆ ಬಂದು ನಮ್ಮ ಮನೆಯ ಮೆಟ್ಟಿಲು ಹತ್ತಿದಿರೆಂದುಕೊಳ್ಳಿ. ಚಪ್ಪಲಿ ಬಿಟ್ಟು, ಬೆವರೊರೆಸಿಕೊಂಡು, ಬಂದ ಕಾರಣ ಹೇಳಲು ಬಾಯಿ ತೆರೆಯುವ ಮೊದಲೇ ನಿಮ್ಮೆದುರು ಒಂದು ಸ್ಟೀಲಿನ ತಟ್ಟೆ ಬಂದಿರುತ್ತದೆ. ಅದರಲ್ಲೊಂದು ತುಂಡು ಬೆಲ್ಲ, ಒಂದು ಲೋಟ ಬಾವಿಯ ನೀರು. ಕಾಫಿ, ತಿಂಡಿ, ಮಾತು, ಬೇಕಾದರೆ ಜಗಳ, ಎಲ್ಲವೂ ಆಮೇಲೆ. ಮೀಟರು ನೋಡಲು ಬಂದವರಿಗೂ, ಚುನಾವಣೆಯ ಕಾಲದಲ್ಲಿ ಒಬ್ಬರ ಬೆನ್ನಿಗೊಬ್ಬರು ಬರುವ ಎಲ್ಲ ಪಕ್ಷದವರಿಗೂ ನಮ್ಮತ್ತೆ ಈ ಬೆಲ್ಲ-ನೀರನ್ನು ತಪ್ಪಿಸಿದವರಲ್ಲ. ಮತ ಯಾರಿಗೆಂಬುದನ್ನು ಮಾತ್ರ ಅವರು ನನಗೂ ಹೇಳಿದ್ದಿಲ್ಲ.

ಆ ತಟ್ಟೆ ಹಿಡಿಯುವ ಅಧಿಕಾರ ನನ್ನ ಮಗಳು ಚಿನ್ಮಯಿಗೆ ಶಾಲೆಗೆ ಸೇರುವ ಮೊದಲೇ ದೊರೆತಿತ್ತು. ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ನೀರು ತುಳುಕದಂತೆ ಹೆಜ್ಜೆಯಿಟ್ಟು, ಬಂದವರು ಕುಡಿದು ಮುಗಿಸುವವರೆಗೆ ಬಾಗಿಲ ಬಳಿ ನೆಟ್ಟಗೆ ನಿಂತು ನೋಡುವ ಅವಳ ಗತ್ತನ್ನು ಕಂಡರೆ, ಬಾವಿ ತೋಡಿಸಿದ್ದೇ ಇವಳೇನೋ ಎಂದು ಯಾರಿಗಾದರೂ ಅನುಮಾನ ಬರಬೇಕು.

ಅವಳಿಗೆ ಎಂಟು ತುಂಬಿದ ವರ್ಷದ ಬೇಸಿಗೆ ರಜೆಯಲ್ಲಿ, ಮಸ್ಕತ್ತಿನಲ್ಲಿರುವ ನನ್ನ ತಮ್ಮ ನಮ್ಮನ್ನೆಲ್ಲ ಅಲ್ಲಿಗೆ ಕರೆಸಿಕೊಂಡ. ವಿಮಾನವೆಂದರೆ ತಲೆಸುತ್ತು ಎಂದು, ಒಮ್ಮೆಯೂ ಹತ್ತದೆಯೇ ತೀರ್ಮಾನಿಸಿದ್ದ ಅತ್ತೆ ಹೊರಡಲೊಪ್ಪಲಿಲ್ಲ. ಬದಲಿಗೆ ಒಂದು ಡಬ್ಬದ ತುಂಬ ಬೆಲ್ಲದ ತುಂಡು ತುಂಬಿ ಮೊಮ್ಮಗಳ ಕೈಗಿತ್ತರು. "ಮಾವನ ಮನೆಗೆ ಬಂದವ್ರಿಗೆಲ್ಲ ನೀನೇ ಕೊಡ್ಬೇಕು, ಆಯ್ತಾ? ಬೆಲ್ಲ ವಾಪಸ್ ತಂದ್ರೆ ನಾನು ನಿನ್ನ ಹತ್ರ ಮಾತಾಡುದಿಲ್ಲ, ನೋಡು!"

ಹೇಳಿದವರು ನಗುತ್ತ ಹೇಳಿದ್ದರು. ಕೇಳಿದವಳು ಮಾತ್ರ ನಗಲಿಲ್ಲ.

ಪರದೇಶವನ್ನು ಮಕ್ಕಳಿಗೆ ತೋರಿಸುವುದೆಂದರೆ ನಮಗೆ ಎಷ್ಟೊಂದು ಉತ್ಸಾಹ! ಬೋಳುಬೆಟ್ಟಗಳು, ಕೋಟೆ, ಕನ್ನಡಿಯಂತೆ ಹೊಳೆಯುವ ಅಂಗಡಿಗಳು, ತಾನೇ ಏರುವ ಮೆಟ್ಟಿಲುಗಳು ಎಲ್ಲವನ್ನೂ ತೋರಿಸಿದೆವು. ಕಡಲನ್ನು ಕಂಡಾಗ ಮಾತ್ರ ಅವಳು ನಿಂತು ಕೇಳಿದಳು: "ಅಮ್ಮ, ಇದು ನಮ್ದೇ ಸಮುದ್ರ ಅಲ್ವಾ? ಹೊಸಂಗಡಿಗೆ ಹೋದಾಗ ನೋಡಿದ್ದು, ಆಚೆ ಬದಿಯಿಂದ?" ಹೌದೆಂದೆ. ಭೂಗೋಳ ಬಲ್ಲವರು ತಕರಾರು ತೆಗೆಯುವುದಾದರೆ ನನ್ನಲ್ಲಿ ತೆಗೆಯಲಿ, ಮಗುವಿನಲ್ಲಿ ಬೇಡ.

ಆದರೆ ಮನೆಗೆ ಮರಳಿದೊಡನೆ ಅವಳಿಗೆ ಒಂದೇ ಚಿಂತೆ. ಯಾರೂ ಬರುತ್ತಿರಲಿಲ್ಲ. ಅಲ್ಲಿ ಬರುವವರು ಮೊದಲು ಫೋನು ಮಾಡುತ್ತಿದ್ದರು, ಫೋನು ಮಾಡಿದವರು ಹೊರಗೆಲ್ಲಾದರೂ ಸಿಗೋಣವೆನ್ನುತ್ತಿದ್ದರು. ಅದಲ್ಲದೆ ಅದು ರಂಜಾನ್ ತಿಂಗಳು. ಹಗಲಿಡೀ ಊರು ಬಾಗಿಲು ಹಾಕಿಕೊಂಡಿರುತ್ತಿತ್ತು. ಡಬ್ಬದ ಬೆಲ್ಲ ಒಂದು ತುಂಡೂ ಕರಗಲಿಲ್ಲ. "ಮಾವ, ನಿಮ್ಗೆ ಇಲ್ಲಿ ಯಾರೂ ಇಲ್ವಾ?" ಎಂದು ಅವಳು ಕೇಳಿದ ದಿನ ನನ್ನ ತಮ್ಮ ಸುಮ್ಮನೆ ಟೀವಿಯ ಸದ್ದು ಹೆಚ್ಚಿಸಿದ. ಎದುರು ಬಾಗಿಲಿನ ಮನೆಯಲ್ಲಿ ಒಬ್ಬರು ಒಮಾನಿ ಅಜ್ಜಿಯಿದ್ದರು. ವರ್ಷಗಟ್ಟಲೆ ಎದುರುಬದುರು ಇದ್ದರೂ ಲಿಫ್ಟಿನಲ್ಲೊಂದು ಸಲಾಮು ಬಿಟ್ಟರೆ ಅವನಿಗೂ ಅವರಿಗೂ ಬೇರೆ ಬಳಕೆಯಿರಲಿಲ್ಲ.

ಒಂದು ಮಧ್ಯಾಹ್ನ ಲಿಫ್ಟು ಕೆಟ್ಟಿತ್ತು. ಬಾಗಿಲನ್ನು ಓರೆ ಮಾಡಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದ ಚಿನ್ಮಯಿಗೆ ಏದುಸಿರಿನ ಸದ್ದು ಕೇಳಿಸಿತು. ಆ ಅಜ್ಜಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದು, ಗೋಡೆಗೆ ಕೈಯೂರಿ ನಿಂತಿದ್ದರು. ಇದಕ್ಕಿಂತ ಯೋಗ್ಯ ನೆಂಟರು ಯಾರಿಗೆ ಸಿಕ್ಕಾರು? ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ತಟ್ಟೆ ಅವರ ಮುಂದಿತ್ತು. ಅಜ್ಜಿಯ ದೃಷ್ಟಿ ಲೋಟದ ಮೇಲೆ ಒಂದು ಕ್ಷಣ ನಿಂತಿತು. ಬಳಿಕ ಅವರು ಮಗುವಿನ ಕೆನ್ನೆ ಸವರಿ, ಏನನ್ನೋ ಮೆಲ್ಲಗೆ ಹೇಳಿ, ಒಳಹೋಗಿ ಬಾಗಿಲು ಹಾಕಿಕೊಂಡರು.

"ಅಯ್ಯೋ ಮಾರಾಯ್ತಿ, ಅವ್ರಿಗೆ ಉಪವಾಸ ಅಲ್ವಾ!" ಎಂದ ಹಿಂದೆಯೇ ಬಂದ ತಮ್ಮ.

ಚಿನ್ಮಯಿಯ ಮುಖ ಸಣ್ಣಗಾಯಿತು. ಉಪವಾಸವೆಂದರೇನೆಂದು ಅವಳಿಗೆ ನಾವು ಕಲಿಸಬೇಕಾಗಿರಲಿಲ್ಲ. ಶಾಲೆಯಲ್ಲಿ ಅವಳ ಬೆಂಚಿನ ಗೆಳತಿ ಫಾತಿಮಾ ನೋಂಬು ಹಿಡಿದ ದಿನ ಇವಳು ಬುತ್ತಿಯನ್ನು ದೂರ ಕೂತು ಉಂಡು ಬರುತ್ತಿದ್ದಳು. "ನೋಂಬು ಅಂತ ನಂಗೆ ಗೊತ್ತುಂಟು ಅಮ್ಮ, ಮರ್ತೇ ಹೋಯ್ತು. ಅವ್ರಿಗೆ ಎಷ್ಟು ಬಾಯಾರಿತ್ತು, ನಾನು ಮೂಗಿನ ಎದುರೇ ನೀರು ಹಿಡಿದೆ!" ಎಂದು ಬಿಕ್ಕಿಬಿಕ್ಕಿ ಅತ್ತಳು. ಆ ತಟ್ಟೆಯನ್ನು ಹಾಗೆಯೇ ಮೇಜಿನ ಮೇಲಿಟ್ಟು, ಅವರು ಕುಡಿಯದೆ ತಾನೂ ಕುಡಿಯುವುದಿಲ್ಲವೆಂದು ಕೂತುಬಿಟ್ಟಳು. ಮಜ್ಜಿಗೆಗೆ ಜಗ್ಗಲಿಲ್ಲ, ಶರಬತ್ತಿಗೆ ಜಗ್ಗಲಿಲ್ಲ, ಕೊನೆಗೆ ಐಸ್‌ಕ್ರೀಮಿಗೂ ಜಗ್ಗಲಿಲ್ಲ. ಹಟ ನಮ್ಮತ್ತೆಯದು, ಸಂಕಟ ಮಾತ್ರ ನನ್ನದು. ಆ ಸೆಕೆಯ ನಾಡಿನಲ್ಲಿ ಮಗು ತುಟಿ ಒಣಗಿಸಿಕೊಂಡು ಕೂತರೆ ಹೆತ್ತವಳಿಗೆ ಹೇಗಾಗಬೇಡ?

ಸಂಜೆ ಬಿಸಿಲು ಹಳದಿಯಾಗುವ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಎದುರು ಮನೆಯ ಅಜ್ಜಿ, ಕೈಯಲ್ಲೊಂದು ಬಟ್ಟಲು ಖರ್ಜೂರ. ತಮ್ಮ ತನ್ನ ಹರಕುಮುರುಕು ಅರಬಿಯಲ್ಲಿ ಕ್ಷಮೆ ಕೇಳಹೊರಟರೆ ಅವರು ನಕ್ಕು ಏನೋ ಅಂದರು. ಅವನು ನಮ್ಮತ್ತ ತಿರುಗಿ, "ಮಧ್ಯಾಹ್ನವೇ ಕರೆದಾಗಿದೆಯಂತೆ, ಅದಕ್ಕೆ ಹೊತ್ತಿಗೆ ಸರಿಯಾಗಿ ಬಂದ್ರಂತೆ" ಎಂದ. ಮಗ ಕೆಲಸ ಮುಗಿಸಿ ಬರುವುದು ತಡವಾಗುವುದರಿಂದ ಅವರು ದಿನವೂ ಒಬ್ಬರೇ ಕೂತು ಉಪವಾಸ ಬಿಡುವವರೆಂಬುದು ನಮಗೆ ತಿಳಿದದ್ದು ಆಗ.

ಇಬ್ಬರೂ ಮೇಜಿನ ಎದುರು ಕೂತರು. ಒಬ್ಬರಿಗೆ ಎಪ್ಪತ್ತು ದಾಟಿರಬೇಕು, ಒಬ್ಬಳಿಗೆ ಎಂಟು. ಇಬ್ಬರ ಕಣ್ಣೂ ಕಿಟಕಿಯ ಮೇಲೆ. ಮಾತಿಲ್ಲ, ಮಾತಿಗೆ ಬೇಕಾದ ಭಾಷೆಯೂ ಇಲ್ಲ. ಮಸೀದಿಯಿಂದ ಬಾಂಗು ಕೇಳಿಸಿದಾಗ ಅಜ್ಜಿ ಖರ್ಜೂರವೊಂದನ್ನು ಚಿನ್ಮಯಿಯ ಕೈಗಿಟ್ಟರು, ಅವಳು ಬೆಲ್ಲವನ್ನು ಅವರ ಕೈಗಿಟ್ಟಳು. ಸಿಹಿಯೊಂದು ಚೂರು, ಮೇಲೊಂದು ಗುಟುಕು ನೀರು! ನಮ್ಮ ಚಾವಡಿಯಲ್ಲಿ ದಿನವೂ ಕಂಡದ್ದನ್ನೇ ನಾನು ಅಲ್ಲಿ ಕಣ್ಣರಳಿಸಿ ನೋಡಿದೆ. ನೀರು ಇಳಿಯುವಾಗ ಆ ಎರಡು ಮುಖಗಳಲ್ಲಿ ಮೂಡಿದ ಸುಖ ಒಂದೇ ಆಗಿತ್ತು. ನನಗೆ ಅಳು ಬಂತು, ಸಂತೋಷದಿಂದ.

ಆಮೇಲಿನ ಸಂಜೆಗಳಲ್ಲಿ ಬಾಗಿಲು ಓರೆ ಮಾಡುವ ಅಗತ್ಯ ಬೀಳಲಿಲ್ಲ. ಅಜ್ಜಿ ಬಂದರು, ಅಜ್ಜಿಯ ಮಗ ಬಂದ, ಮೇಲಿನ ಮಾಳಿಗೆಯ ಮಕ್ಕಳೂ ಬಂದರು. ತಮ್ಮನ ಮನೆಯಲ್ಲಿ ಕುರ್ಚಿ ಸಾಲದೆ ಹೋದದ್ದು ಅದೇ ಮೊದಲಂತೆ; ಅದನ್ನವನು ದೂರಿನಂತೆ ಹೇಳಿದರೂ ಮುಖ ಬೇರೆಯೇ ಹೇಳುತ್ತಿತ್ತು.

ಊರಿಗೆ ಮರಳಿದಾಗ ಅತ್ತೆ ಡಬ್ಬವನ್ನೆತ್ತಿ ನೋಡಿದರು, ಭಾರವಿತ್ತು. ಹುಬ್ಬು ಗಂಟಿಕ್ಕಿ ಮುಚ್ಚಳ ತೆಗೆದರೆ ಒಳಗೆ ತುಂಬ ಖರ್ಜೂರ. ಕತೆಯೆಲ್ಲ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ: "ಮೊದ್ಲು ಕೊಟ್ಟದ್ದು ಯಾರು? ನೀನಾ, ಅವ್ರಾ?"

"ಇಬ್ರೂ ಒಟ್ಟಿಗೆ, ಅಜ್ಜಿ. ನಂಗೂ ಬಾಯಾರಿತ್ತಲ್ಲ."

ಅತ್ತೆ ಡಬ್ಬದ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು. ಜೀವಮಾನವಿಡೀ ಬಂದವರಿಗೆ ನೀರು ಕೊಟ್ಟ ಕೈ ಅದು. ಕೊಡುವವರು ನಿಂತಿರಬೇಕು, ಕುಡಿಯುವವರು ಕೂತಿರಬೇಕು ಎಂಬುದು ಅವರು ಕಂಡ ಕ್ರಮ. ಮರುದಿನ ಮೊದಲ ನೆಂಟರು ಬಂದಾಗ ಅವರೇ ತಟ್ಟೆ ಅಣಿಮಾಡಿದರು. ನಾನು ನೋಡಿದೆ, ಅದರಲ್ಲಿ ಎರಡು ಲೋಟಗಳಿದ್ದವು.

ಹಾಗಾಗಿ ನೀವು ಬಂದಾಗ ಎರಡನೆಯ ಲೋಟಕ್ಕೆ ಕೈ ಹಾಕಬೇಡಿ, ಅದು ಚಿನ್ಮಯಿಯದು. ಈಗ ಅವಳು ಬಾಗಿಲ ಬಳಿ ನಿಲ್ಲುವುದಿಲ್ಲ. ನಿಮ್ಮೆದುರು ಕೂತು, ನೀವು ಎತ್ತುವುದನ್ನೇ ಕಾಯುತ್ತಾಳೆ. ಬೇಗ ಕುಡಿಯಿರಿ ಮಾರಾಯ್ರೇ, ಹುಡುಗಿಗೆ ಬಾಯಾರಿದೆ.