ಎಡಕ್ಕೆ ತಿರುಗಿದ ಬಾಣ

ದೂರದ ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರ್ ಚುರುಕೋ ಮಂದವೋ ಎಂದು ಹೇಳಲು ಸುಹುಯ್‌ಗೆ ಬಲಗೈಯೊಂದೇ ಸಾಕಿತ್ತು. ತೌಲಿಯೂ ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಕೂತು, ಕೌಹೂ ಕಡಲತಡಿಯ ಮೀನುಕೊಳದ ಗುಡಿಸಲಲ್ಲಿರುವ ಕಂಪ್ಯೂಟರನ್ನು ತನ್ನ ಪರದೆಯಲ್ಲಿ ತೆರೆದು ಮೌಸನ್ನು ಬಲಕ್ಕೆ ಒಂದು ಸುತ್ತು ತಿರುಗಿಸುವಳು. ಅಲ್ಲಿನ ಬಾಣದ ಗುರುತು ಕೈಯ ಜೊತೆಗೇ ತಿರುಗಿದರೆ ಸರಿ, ಕುಂಟುತ್ತಾ ಹಿಂದೆ ಬಂದರೆ ಕೆಲಸಕ್ಕೆ ಬಾರದ್ದು. ಇದೇನು ಹುಡುಗಾಟವಲ್ಲ. ಕೊಳದ ನೀರು ಬಡಿದು ಗಾಳಿ ಬೆರೆಸುವ ಚಕ್ರಗಳು ನಿಂತರೆ ಮೀನುಗಳು ಉಸಿರುಕಟ್ಟಿ ಹೊಟ್ಟೆ ಮೇಲಾಗಿ ತೇಲುತ್ತವೆ. ಮನೆಯಲ್ಲಿದ್ದುಕೊಂಡೇ ಚಕ್ರ ಓಡಿಸಬೇಕಾದವನಿಗೆ ಆ ಹೊತ್ತಲ್ಲಿ ಬಾಣ ಕೈಕೊಟ್ಟರೆ ಮುಗಿಯಿತು. ಅದಕ್ಕೇ ನಮ್ಮ ಕೊಳದವರೆಲ್ಲ ಅವಳ ಮಾತು ನಂಬುತ್ತಿದ್ದರು.

ಪರೀಕ್ಷೆಯ ವೇಳೆ ಗುಡಿಸಲಲ್ಲಿ ಕೂರುತ್ತಿದ್ದವನು ಅವಳ ಗಂಡ ಚಿನ್‌ಲೊಂಗ್. ಎಡಚ, ಮಾತು ಕಡಿಮೆ. ಅವಳ ಸುತ್ತು ತಲುಪಿತೆಂದು ಹೇಳಲೂ ಅವನಿಗೆ ಸೋಮಾರಿತನ, ತನ್ನ ಮೌಸಿನಿಂದ ಎಡಕ್ಕೊಂದು ಸುತ್ತು ಹಾಕಿ ಸುಮ್ಮನಾಗುವನು. “ಬಂತು ಕಣೇ ಅಂತ ಬಾಯ್ಬಿಟ್ಟು ಹೇಳಿದ್ರೆ ಮುತ್ತು ಉದುರುತ್ತಾ?” ಎಂದು ಅವಳು ಫೋನಿನಲ್ಲಿ ರೇಗಿದರೆ, ಮತ್ತೊಂದು ಸುತ್ತು. ಅವರ ಸಂಸಾರದ ಸರಸವೆಲ್ಲ ಹೆಚ್ಚುಕಡಿಮೆ ಇಷ್ಟೇ.

ಮೂರು ವರ್ಷದ ಹಿಂದೆ ಚಂಡಮಾರುತಕ್ಕೆ ಕಟ್ಟೆ ಒಡೆಯಿತು. ಮೋಟಾರು ಉಳಿಸಲು ಹೋದ ಚಿನ್‌ಲೊಂಗ್ ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಗುಡಿಸಲಿನ ಎತ್ತರದ ಮೇಜಿನ ಮೇಲಿದ್ದ ಕಂಪ್ಯೂಟರ್ ಮಾತ್ರ ಉಳಿಯಿತು.

ಹೀಗೆ ನೀರುಪಾಲಾದವರನ್ನು ಕೌಹೂದಲ್ಲಿ ಚಾಂದ್ರಮಾನದ ಆರನೆಯ ತಿಂಗಳು ಮೇಲಕ್ಕೆ ಕರೆಯುತ್ತಾರೆ. ಬಿದಿರಿಗೆ ಕಾಗದ ಹಚ್ಚಿದ, ಸೊಂಟದೆತ್ತರದ ಕೊಳವೆಗಳನ್ನು ದೇವಸ್ಥಾನದ ಮುಂದೆ ನೆಟ್ಟು, ಮನೆಯವರು ಅವನ್ನು ತಿರುಗಿಸುತ್ತಾ ಹೆಸರು ಹಿಡಿದು ಕೂಗಬೇಕು. ಮುಳುಗಿದವರು ಅದನ್ನು ಹಿಡಿದು ಹತ್ತುವಾಗ ಕೊಳವೆ ಭಾರವಾಗುತ್ತದೆ, ಮೇಲೆ ಬಂದವರು ಬಿಡುಗಡೆಯಾಗಿ ಹೋಗುತ್ತಾರೆ. ತಿರುಗಿಸುವವರಿಲ್ಲದವರಿಗೆ ತಳವೇ ಗತಿ.

“ಹೆತ್ತೋಳು ಮಗನಿಗೆ ತಿರುಗಿಸೋ ಹಾಗಿಲ್ಲ. ನೀನೇ ಬರ್ಬೇಕು ಕಣೇ,” ಎಂದು ಅತ್ತೆ ವರ್ಷವರ್ಷವೂ ಅಂಗಲಾಚಿದಳು.

“ಸತ್ತಿದ್ದು ಕಂಡೋರು ಯಾರಮ್ಮಾ? ನಾನು ತಿರುಗಿಸಲ್ಲ,” ಎನ್ನುವಳು ಸುಹುಯ್. ತಿರುಗಿಸಿದರೆ ಅವನು ಸತ್ತನೆಂದು ತಾನೇ ಒಪ್ಪಿದಂತೆ. ಅಷ್ಟು ಗಟ್ಟಿ ಎದೆ ಅವಳಿಗಿರಲಿಲ್ಲ.

ಈ ವರ್ಷ ಅಂಗಡಿಯ ಯಜಮಾನ ಯೆನ್, ಮಳೆಗಾಲಕ್ಕೆ ಮುಂಚೆ ಎಲ್ಲ ಕೊಳಗಳಿಗೂ ಒಂದೇ ಸಾಫ್ಟ್‌ವೇರ್ ಹಾಕಿಸಬೇಕೆಂದು ಹೊರಟ. ಹೊಸವು ಎರಡು, ಹಳೆಯದು ಒಂದು. ಬೀಗ ಜಡಿದ ಚಿನ್‌ಲೊಂಗನ ಗುಡಿಸಲಿನ ಕಂಪ್ಯೂಟರಿನ ಮೇಲೆಯೇ ಪರೀಕ್ಷೆ. ಹೊಸವೆರಡರಲ್ಲೂ ಬಾಣ ನೆರಳಿನ ಹಾಗೆ ಕೈಗಂಟಿಕೊಂಡು ಓಡಿತು. ಹಳೆಯದು, ಚಿನ್‌ಲೊಂಗನೇ ಹಾಕಿದ್ದು. ಅವಳು ಬಲಕ್ಕೆ ತಿರುಗಿಸಿ ಕೈ ಎತ್ತಿದಳು. ಬಾಣ ತಡಮಾಡಿ, ಬಲಕ್ಕೆ ಒಂದು ಸುತ್ತು ಬಂದು ನಿಂತಿತು.

ಆಮೇಲೆ ಎಡಕ್ಕೆ ಒಂದು ಸುತ್ತು ತಿರುಗಿತು.

ಸುಹುಯ್ ತನ್ನ ಕೈಯನ್ನು ನೋಡಿಕೊಂಡಳು. ಅದು ತೊಡೆಯ ಮೇಲಿತ್ತು. ಮತ್ತೆ ತಿರುಗಿಸಿದಳು, ಮತ್ತೆ ಎಡಕ್ಕೆ ಉತ್ತರ ಬಂತು. ಹೊಸವುಗಳಲ್ಲಿ ಏನೂ ಇಲ್ಲ, ಆ ಮಂದದ್ದರಲ್ಲಿ ಮಾತ್ರ.

“ಲೈನ್ ಜಾಮ್ ಆಗಿರುತ್ತೆ ಅಕ್ಕ. ನೀವು ಆವಾಗ್ ತಿರುಗಿಸಿದ್ದು ಈಗ ತಲುಪ್ತಿದೆ,” ಎಂದ ಯೆನ್.

“ಎಡಕ್ಕೆ ನಾನು ತಿರುಗಿಸೇ ಇಲ್ಲ ಕಣಪ್ಪ.”

ಯೆನ್, ಯಂತ್ರಗಳು ಮೊಂಡು ಹಿಡಿಯದಿರಲೆಂದು ಶಕುನಕ್ಕೆ ಕಂಪ್ಯೂಟರಿನ ಮೇಲಿಟ್ಟಿದ್ದ ಹಸಿರು ಕುರುಕಲು ಪೊಟ್ಟಣವನ್ನು ಸರಿಯಾಗಿ ನಿಲ್ಲಿಸಿ ಹೊರಗೆ ಹೋದ.

ಅಂದಿನಿಂದ ಅವಳು ಊಟ ಬಿಟ್ಟು ಸುತ್ತು ಹಾಕುತ್ತಾ ಕೂತಳು. ಹೆದರಿಕೆಗೆ ಮೈ ಜುಂ ಎನ್ನುತ್ತಿತ್ತು, ಹೆದರಿಕೆಗಿಂತ ಸುಖವೇ ಹೆಚ್ಚಾಗಿತ್ತು. ಹಳೆಯದೇ ಎಲ್ಲಕ್ಕಿಂತ ಉತ್ತಮವೆಂದು ಹೇಳಿಬಿಡುವುದೆಂದು ನಿಶ್ಚಯಿಸಿದಳು. ಯಾರ ಮೀನು ಸತ್ತರೇನು, ತನ್ನ ಗಂಡನ ದಾರಿಯಂತೂ ಮುಚ್ಚುವುದಿಲ್ಲ.

ವಿಷಯ ತಿಳಿದ ಅತ್ತೆ ಗುಡಿಸಲಿಗೆ ಹೋಗಿ ನೋಡಿ, ನೇರ ಅಂಗಡಿಗೇ ಬಂದಳು.

“ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗೆ ನೆಲ ಎಲ್ಲಾ ಒದ್ದೆ. ಕುರ್ಚಿ ಕೆಳಗೆ ಉಪ್ಪು ಕಟ್ಟಿದೆ ಕಣೇ.”

“ನೋಡಿದ್ರಾ ಅಮ್ಮಾ! ಬಂದಿದಾನೆ!”

“ಹಿಗ್ಗಬೇಡ. ಕುರ್ಚಿವರೆಗೂ ಬಂದೋನು ಮನೆಗ್ಯಾಕೆ ಬರ್ಲಿಲ್ಲ? ಬರಕ್ಕಾಗ್ತಿಲ್ಲ ಅವನಿಗೆ. ಮೇಲಕ್ಕೆ ಎಳ್ಕೋ ಅಂತ ನನ್ನ ಮಗು ಕೈ ಆಡಿಸ್ತಿದೆ, ನೀನು ಆಟ ಆಡ್ತಾ ಕೂತಿದೀಯ. ಮೂರು ವರ್ಷದಿಂದ ಒದ್ದೆ ಬಟ್ಟೇಲೇ ಇದಾನಲ್ಲೇ!”

ಸುಹುಯ್ ಅಂದೇ ಯೆನ್‌ಗೆ ನಿಜ ಹೇಳಿದಳು: ಹೊಸದರಲ್ಲಿ ಮೊದಲನೆಯದು ಎಲ್ಲಕ್ಕಿಂತ ಚುರುಕು, ಎರಡನೆಯದು ಪರವಾಗಿಲ್ಲ, ಹಳೆಯದನ್ನು ಕಿತ್ತುಹಾಕು. ಅವನು ಕಿತ್ತುಹಾಕುವಾಗ ಅವಳು ಪರದೆಯ ಕಡೆ ನೋಡಲಿಲ್ಲ.

ಆರನೆಯ ತಿಂಗಳ ಆ ದಿನ ಸುಡುಬಿಸಿಲು. ಸುತ್ತಮುತ್ತಲ ಹೆಂಗಸರ ಕೊಳವೆಗಳು ಆಗಲೇ ಭಾರವಾಗಿ ಓಲಾಡುತ್ತಿದ್ದವು, ಅಲ್ಲಲ್ಲಿ ಅಳು ಎದ್ದಿತ್ತು. ಸುಹುಯ್ ತನ್ನದನ್ನು ಬಲಕ್ಕೆ ತಿರುಗಿಸಿ ತಿರುಗಿಸಿ, “ಚಿನ್‌ಲೊಂಗ್, ಏರಿ ಬಾ,” ಎಂದು ಗಂಟಲು ಕಟ್ಟುವವರೆಗೂ ಕೂಗಿದಳು. ಕೊಳವೆ ಬರೀ ಕಾಗದದ ಹಗುರ. ದಾರಿ ಮುಚ್ಚಿಬಿಟ್ಟೆನೇ ಎಂದುಕೊಂಡಳು. ಆಗ ಅವಳಿಗೆ ತನ್ನ ಕೆಲಸವೇ ನೆನಪಾಯಿತು. ಮಂದದ್ದರ ಮುಂದೆ ಅವಸರ ಮಾಡಬಾರದು, ಕೈ ತೆಗೆದು ಕಾಯಬೇಕು.

ಅವಳು ಕೈ ತೆಗೆದಳು.

“ಅಯ್ಯೋ, ಬಿಡಬೇಡ್ವೇ! ಜಾರಿ ಬಿದ್ದಾನು!” ಎಂದು ಅತ್ತೆ ಚೀರಿದಳು.

ಕೊಳವೆ ನಿಂತಿತು. ಪರದೆಯ ಮೇಲೆ ಅವಳು ಎಷ್ಟು ಹೊತ್ತು ಕಾಯುತ್ತಿದ್ದಳೋ ಅಷ್ಟೇ ಹೊತ್ತು ನಿಂತಿತು. ಆಮೇಲೆ ಬಿದಿರು ಕರಕರ ಎನ್ನುತ್ತಾ, ಯಾರ ಕೈಯೂ ಸೋಕದೆ, ಎಡಕ್ಕೆ ಪೂರ್ತಿ ಒಂದು ಸುತ್ತು ತಿರುಗಿತು. ಬುಡದ ಕಾಗದದಿಂದ ನೀರು ಇಳಿದು ಒಣನೆಲ ನೆನೆಯಿತು.

“ಬಂತು ಕಣೋ,” ಎಂದಳು ಸುಹುಯ್, ಎರಡೂ ಕೈಯಲ್ಲಿ ಕೊಳವೆಯನ್ನು ತಬ್ಬಿಕೊಂಡು. “ಬಂತು. ಇನ್ನು ನೀನು ಹೋಗು.”