ಕ್ಯಾತನಹಳ್ಳಿಯ ಸಿಟ್ಟಿನ ಮುಖಗಳು

ಬಂದ ಮೂರನೆಯ ದಿನವೇ ಅತ್ತೆ ನನ್ನ ಮುಖಕ್ಕೊಂದು ಹೆಸರಿಟ್ಟರು. “ಏನವ್ವಾ, ಒತ್ತಾರೆನೇ ಮೊಕ ಸಿಂಡ್ರಿಸ್ಕಂಡು ಕುಂತಿದ್ದೀಯೆ?” ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ. ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಅಷ್ಟೆ. ಜೋಳದ ರೊಟ್ಟಿ ಅಗಿದು ಬೆಳೆದ ಬಾಯಿ ನನ್ನದು. ಏಕಾಏಕಿ ನುಂಗು ಅಂದರೆ ಹೇಗೆ ನುಂಗೀತು?

ನಲವತ್ತರ ಹತ್ತಿರ ಎರಡನೆಯ ಮದುವೆಯಾಗಿ, ಗದಗಿನ ಕಡೆಯಿಂದ ಪಾಂಡವಪುರ ತಾಲ್ಲೂಕಿನ ಈ ಊರಿಗೆ ಬಂದವಳು ನಾನು. ನನ್ನ ಗಂಡ ತೀರಿಕೊಂಡಿದ್ದ, ಇವರ ಹೆಂಡತಿ ತೀರಿಕೊಂಡಿದ್ದರು. ಇವರಿಗೆ ಹನ್ನೆರಡು ವರ್ಷದ ಮಗಳು ಸಿಂಚನ ಇದ್ದಳು. ಕಬ್ಬಿನ ಗದ್ದೆ, ನಾಲೆ ನೀರು, ಎಲ್ಲಕ್ಕೂ ಒಗ್ಗಿಕೊಂಡೆ. ಆ ಹುಡುಗಿ ನನ್ನವಳಾಗುತ್ತಾಳೋ ಇಲ್ಲವೋ ಅನ್ನೋದೊಂದೇ ಚಿಂತೆ ಉಳಿಯಿತು.

ನಮ್ಮ ಕಡೆ ಮುಖಕ್ಕೆ ಮಾರಿ ಅಂತೀವಲ್ಲ, ‘ಮಾರಿ ಗಂಟ ಹಾಕ್ಕೊಂಡಾಳ’ ಅಂದರೆ ಎಲ್ಲ ಸಿಟ್ಟೂ ಅದರಲ್ಲೇ ಬಂತು. ಇಲ್ಲಿ ಹಾಗಲ್ಲ. ಡೇರಿಯಲ್ಲಿ ಯಾರಾದರೂ ಸಾಲು ತಪ್ಪಿಸಿ ಕ್ಯಾನು ಮುಂದಿಟ್ಟರೆ ಗುರಾಯಿಸಬೇಕು, ಕಣ್ಣಲ್ಲೇ ಹೊಡೆಯೋ ಹಾಗೆ. ಕೇಳಿದ್ದು ಕೊಡಿಸದಿದ್ದರೆ ಮೊಕ ಊದಿಸುವುದು; ಅದು ಒಂದು ವಾರವೂ ಇರಬಹುದು. ಸಾರು ಹಿಡಿಸದಿದ್ದರೆ ಸಿಂಡರಿಸುವುದು, ಮೂಗು ಹಣೆ ಎರಡೂ ಸುಕ್ಕಾಗಬೇಕು. ನಿನ್ನ ಮಾತೇ ಬೇಡ ಅನ್ನೋದಕ್ಕೆ ಗಲ್ಲವನ್ನು ಹೆಗಲ ಕಡೆ ಎಳೆದು ಮೂತಿ ತಿರುವುವುದು.

ಸಿಂಚನ ಇದರಲ್ಲೆಲ್ಲ ಪಳಗಿದವಳು. ಅಪ್ಪನ ಮೇಲೆ ಊದಿಸುತ್ತಿದ್ದಳು, ಅಜ್ಜಿಗೆ ತಿರುವುತ್ತಿದ್ದಳು. ನನಗೆ ಮಾತ್ರ ನಗು. ಮೊಬೈಲ್ ಕಿತ್ತುಕೊಂಡರೂ “ಆಯ್ತು ಆಂಟಿ” ಅಂತ ನಕ್ಕಳು. ಉಪ್ಸಾರು ಕೆಡಿಸಿದ ದಿನವೂ “ಚೆನ್ನಾಗೈತೆ ಆಂಟಿ” ಅಂತ ಉಂಡಳು. ಹುಡುಗಿ ಬಂಗಾರ ಅಂತ ಊರಿಗೆಲ್ಲ ಫೋನ್ ಮಾಡಿದೆ. ಅತ್ತೆಯ ಮುಂದೆಯೂ ಬೀಗಿದೆ: “ನನ್ನ ಮ್ಯಾಲೆ ಒಂದಿನಾನೂ ಸಿಟ್ಟಾಗಿಲ್ಲ ನೋಡ್ರಿ.”

ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. “ನೆಂಟ್ರ ಮುಂದೆ ಯಾರವ್ವಾ ಮೂತಿ ತಿರುವಾರು? ನಮ್ಮೋರು ಅಂದ್ಕಂಡ್ರೆ ತಾನೇ ಮುನಿಸ್ಕಳದು.”

ಅಯ್ಯೋ, ನನ್ನ ಜಂಬವೆಲ್ಲ ಅಲ್ಲೇ ಇಳಿಯಿತು. ಆಮೇಲಿನ ಎರಡು ವರ್ಷ ಆ ನಗು ನೋಡಿ ನೋಡಿ ಸುಸ್ತಾದೆ. ದಿನಾ ಜಡೆ ಹಾಕಿದೆ, ದಿನಾ ಡಬ್ಬಿ ಕಟ್ಟಿದೆ, ದಿನಾ “ಥ್ಯಾಂಕ್ಸ್ ಆಂಟಿ.” ಗಂಜಾಂನಲ್ಲಿ ನಿಮಿಷಾಂಬ ದೇವಿಯ ಮುಂದೆ ನಿಂತು ಬೇಡಿಕೊಂಡದ್ದೂ ಇದನ್ನೇ: ಒಂದು ಸಲ ನನ್ನ ಮೇಲೆ ಮುನಿಸಿಕೊಳ್ಳಲಿ ತಾಯಿ. ಯಾರಾದರೂ ಇಂಥದ್ದನ್ನು ಬೇಡುತ್ತಾರಾ?

ಈ ಸಲ ಶಾಲೆ ಶುರುವಾದ ಮೇಲೆ ಒಂದು ಬೆಳಗ್ಗೆ, ಜ್ವರ ಬಿಟ್ಟು ಎದ್ದಿದ್ದೆ, ಕೈಯಲ್ಲಿ ಬಲವಿರಲಿಲ್ಲ. ಜಡೆ ಸಡಿಲ, ಬೈತಲೆ ಸೊಟ್ಟ. ಸಿಂಚನ ಕನ್ನಡಿ ನೋಡಿದವಳೇ ಬಾಚಣಿಗೆ ಕಿತ್ತುಕೊಂಡಳು. “ಥೂ, ಇಂಗಾ ಹಾಕೋದು? ಬುಡು ನೀನು!” ಅಂದು ಗಲ್ಲ ಎಳೆದು ಎಂಥಾ ಮೂತಿ ತಿರುವಿದಳು ಅಂತೀರಿ! ಆಂಟಿಯೂ ಇಲ್ಲ, ಥ್ಯಾಂಕ್ಸೂ ಇಲ್ಲ.

“ಏನಮ್ಮೀ ಅದು, ದೊಡ್ಡೋರ್ಗೆ?” ಅಂತ ಅತ್ತೆ ಗದರಿದರು.

“ಇರ್ಲಿ ಬುಡಿ ಅತ್ತೆ,” ಅಂದೆ. ಕೊಟ್ಟಿಗೆಗೆ ಹೋಗಿ ಕಣ್ಣೀರು ಸುರಿಸಿದೆ. ಸಂಜೆವರೆಗೂ ಹುಡುಗಿ ನನ್ನ ಹತ್ತಿರ ಮಾತಾಡಲಿಲ್ಲ, ನನಗೆ ಹಬ್ಬವಾಗಿತ್ತು.

ಆಮೇಲೆ ಪಂಚಮಿಗೆ ತವರಿಗೆ ಹೋದೆ. ಗಂಡ ಸತ್ತ ಮೇಲೆ ಆರು ವರ್ಷ ಅಣ್ಣನ ಆ ಮನೆಯಲ್ಲೇ ಇದ್ದವಳು ನಾನು. ಚಹಾದ ಕಪ್ಪು ತೊಳೆಯದೆ ಇಟ್ಟರೂ ಅಣ್ಣನ ಹೆಂಡತಿ, ನಮ್ಮ ವೈನಿ, ಹುಬ್ಬು ಗಂಟಿಕ್ಕುತ್ತಿದ್ದಳು. ಆಗ ಜೀವ ಸಾಕುಸಾಕಾಗುತ್ತಿತ್ತು. ಈ ಸಲ ಹಬ್ಬದ ಉಂಡೆ ಕಟ್ಟಲು ಕೂತವಳು ತುಂಬಿದ ತುಪ್ಪದ ಡಬ್ಬಿಯನ್ನೇ ಕೆಡವಿದೆ. ತುಪ್ಪ ನೆಲದ ತುಂಬ ಹರಿಯಿತು. ಹೆದರಿ ತಲೆಯೆತ್ತಿ ವೈನಿಯ ಮುಖ ನೋಡಿದೆ. ಅವಳು ನಗುತ್ತಿದ್ದಳು.

“ಇರಲಿ ತಗೋರಿ, ಏನಾಗೂದಿಲ್ಲ. ನೀವ್ಯಾಕ ತ್ರಾಸ ತಗೋತೀರಿ, ಇಲ್ಲಿ ಕುಂದರ್ರಿ,” ಅಂತ ನನಗೊಂದು ಚಾಪೆ ಹಾಸಿಕೊಟ್ಟಳು.